ಅಫ್ಶೀನ್ ತೆಗೆದ ಮುಖವಿಲ್ಲದ ಮದುವೆ

ಕಳೆದ ವರ್ಷ ಕಲಬುರಗಿಯ ಒಂದು ಕಾಲೇಜಿನಲ್ಲಿ ಕಿರುಚಿತ್ರಗಳ ಪ್ರದರ್ಶನವಿತ್ತು. ಮನೆಯ ಹೊಸ್ತಿಲು ದಾಟದ ಮುದುಕಿಯೊಬ್ಬರ ಬಗ್ಗೆ ಹದಿನೆಂಟು ನಿಮಿಷದ ಒಂದು ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರೊಬ್ಬರು ಎದ್ದು ನಿಂತು, ಅದನ್ನು ತೆಗೆದ ಹುಡುಗಿಯನ್ನು, 'ನೀವು ಸಿನಿಮಾ ಎಲ್ಲಿ ಕಲಿತ್ರಿ?' ಎಂದು ಕೇಳಿದರು. ಪುಣೆಯೋ ಚೆನ್ನೈಯೋ ಎಂಬ ಉತ್ತರಕ್ಕೆ ಎಲ್ಲರೂ ಕಾದರು. ಹುಡುಗಿ ಮೈಕು ಹಿಡಿದು, 'ಕಮಲಾಪುರದಾಗ್ರಿ' ಅಂದಳು. ಸಭೆಯಲ್ಲಿ ನಗು ಎದ್ದಿತು. ಕಮಲಾಪುರ ಅಂದರೆ ನಮ್ಮ ಕಡೆಯವರ ಬಾಯಿಗೆ ಬರುವುದು ಕೆಂಪು ಬಾಳೆಹಣ್ಣಿನ ಹೆಸರು. ಅಲ್ಲೊಂದು ಸಿನಿಮಾ ಶಾಲೆ ಇದೆಯೆಂದು ಯಾರೂ ಕೇಳಿದವರಲ್ಲ. ಹುಡುಗಿ ಮಾತ್ರ ನಗಲಿಲ್ಲ. ಅವಳು ಹೇಳಿದ್ದು ನಿಜ, ಆದರೆ ಆ ನಿಜ ಮೈಕಿನಲ್ಲಿ ಹೇಳಿ ಮುಗಿಸಲು ಆಗುವಂಥದ್ದಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿ ಹೇಳುತ್ತಿದ್ದೇನೆ.

ಹುಡುಗಿಯ ಹೆಸರು ಅಫ್ಶೀನ್. ತಂದೆ ಜಹೀರುದ್ದೀನ್ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಶೀನು ನಡೆಸುವವರು. ಐಟಿಐ ಮೆಟ್ಟಿಲು ಹತ್ತಿದವರಲ್ಲ. ಉಸ್ತಾದರೊಬ್ಬರ ಬೆನ್ನ ಹಿಂದೆ ವರ್ಷಗಟ್ಟಲೆ ನಿಂತು ನೋಡಿ, ಆಮೇಲೆ ಮಶೀನು ಮುಟ್ಟಿದವರು. 'ಕೈ ಆಮ್ಯಾಗ ಕಲಿತಾವ, ಮೊದಲ ಕಣ್ಣು ಕಲೀಬೇಕು' ಎನ್ನುವುದು ಅವರ ಮಾತು. ಆ ಮಾತನ್ನು ಮಗಳು ತನ್ನದೇ ರೀತಿಯಲ್ಲಿ ತಲೆಗೆ ಹಚ್ಚಿಕೊಂಡಿದ್ದಳು. ಬಿ.ಕಾಂ. ಓದುವಾಗಲೇ ಅವಳಿಗೆ ಟಿವಿಯ ಆವಾಜ್ ಬಂದ್ ಮಾಡಿ ಧಾರಾವಾಹಿ ನೋಡುವ ಹುಚ್ಚು. ಅತ್ತೆ ಸಿಟ್ಟಾದಾಗ ಅವಳ ಮುಖ ಎಷ್ಟು ಹೊತ್ತು ನಿಲ್ಲುತ್ತದೆ, ಬಾಗಿಲು ತೆರೆದು ಬಂದವನ ಕಾಲನ್ನೇ ಯಾಕೆ ಮೊದಲು ತೋರಿಸುತ್ತಾರೆ, ಸೊಸೆ ಅತ್ತರೆ ಅದೇ ಕಣ್ಣು ಮೂರು ಸಲ ಯಾಕೆ ಬರಬೇಕು, ಇಂಥವೇ ಪ್ರಶ್ನೆಗಳು. ತಾಯಿ ನೂರಜಹಾನ್ ರಿಮೋಟ್ ಕಸಿದುಕೊಂಡು, 'ಆವಾಜ್ ಇಲ್ಲದ ಟಿವಿ ಯಾರರೆ ನೋಡ್ತಾರೇನ ಮಳ್ಳೀ' ಎಂದು ಬೈಯುತ್ತಿದ್ದರು. ಮನೆಯಲ್ಲಿ ಆಡುವುದು ದಖನಿ ಉರ್ದು. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳವೇ.

ಡಿಗ್ರಿ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿದ್ದ ಗುಫ್ರಾನ್ ಭಾಯ್ ಅವರ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ ಆಲ್ಬಮ್ ಜೋಡಿಸುವ ಕೆಲಸಕ್ಕೆ ಸೇರಿದಳು. ನಮ್ಮಲ್ಲಿ ಮುಸ್ಲಿಮರ ಮದುವೆಯೆಂದರೆ ಫಂಕ್ಷನ್ ಹಾಲಿಗೆ ಎರಡು ಭಾಗ, ಗಂಡಸರದೊಂದು, ಹೆಂಗಸರದೊಂದು, ನಡುವೆ ಪರದೆ. ಹೆಂಗಸರ ಕಡೆಗೆ, ಅಂದರೆ ಜನಾನಾ ಕಡೆಗೆ, ಕ್ಯಾಮೆರಾ ಹಿಡಿದ ಗಂಡಸಿಗೆ ಪ್ರವೇಶವಿಲ್ಲ. ಆ ಕೆಲಸಕ್ಕೆ ಹೆಣ್ಣುಮಗಳೇ ಬೇಕು. ಸ್ಟುಡಿಯೋದಲ್ಲಿ ಅದನ್ನು ಮಾಡುತ್ತಿದ್ದ ಹುಡುಗಿ ತಾನೇ ಮದುವೆಯಾಗಿ ಬೀದರಿಗೆ ಹೋದಳು. ಮಾರನೆಯ ದಿನವೇ ಗುಫ್ರಾನ್ ಭಾಯ್ ಕ್ಯಾಮೆರಾ ತಂದು ಅಫ್ಶೀನ್ ಕೈಯಲ್ಲಿಟ್ಟರು.

'ಈ ಗುಂಡಿ ಒತ್ತಿದ್ರ ಚಾಲು. ಮತ್ತೊಮ್ಮಿ ಒತ್ತಿದ್ರ ಬಂದ್. ಉಳಿದದ್ದೆಲ್ಲಾ ಹೋಗ್ತಾ ಹೋಗ್ತಾ ಬರ್ತದ. ಒಂದ ಮಾತು ನೆನಪಿಟ್ಕೋ, ಯಾರ ಮಾರೀನೂ ಬಿಡಬ್ಯಾಡ. ಒಬ್ಬಾಕಿ ಮಾರಿ ಬಿಟ್ಟು ಹೋತು ಅಂದ್ರ ಜಗಳ ದುಕಾನಿಗಿ ಬರ್ತದ.'

ಅವಳಿಗೆ ಸಿಕ್ಕ ತರಬೇತಿ ಅಷ್ಟೇ. ಎರಡು ವರ್ಷ ಅವಳು ಮುಖಗಳನ್ನು ಒಟ್ಟುಮಾಡಿದಳು. ಸಾಲಾಗಿ ಕುಳಿತ ಹೆಂಗಸರ ಮುಂದೆ ಎಡದಿಂದ ಬಲಕ್ಕೆ ಕ್ಯಾಮೆರಾ ಸರಿಸುವುದು, ಒಂದೊಂದು ಮುಖಕ್ಕೆ ಒಂದೊಂದು ಉಸಿರಿನಷ್ಟು ಹೊತ್ತು ಕೊಡುವುದು, ಆಮೇಲೆ ಊಟದ ಸಾಲಿನಲ್ಲಿ ಅದೇ ಕೆಲಸ. ಕ್ಯಾಮೆರಾ ಹತ್ತಿರ ಬಂದ ಕೂಡಲೇ ಎಲ್ಲರೂ ಸೆರಗು ಸರಿಮಾಡಿಕೊಂಡು, ತುಟಿ ಮುಚ್ಚಿ, ಆಧಾರ್ ಕಾರ್ಡಿನ ಮುಖ ಮಾಡುತ್ತಿದ್ದರು. ಕ್ಯಾಮೆರಾ ದಾಟಿ ಹೋದ ಮೇಲೆ ಮತ್ತೆ ಜೀವ ಬರುತ್ತಿತ್ತು. ಆ ಜೀವ ಬರುವುದನ್ನು ಹೇಗೆ ಹಿಡಿಯುವುದು ಎಂಬ ಕುತೂಹಲ ಅಫ್ಶೀನಳನ್ನು ಬಿಡಲಿಲ್ಲ. ಅವಳಿಗೆ ಸಿನಿಮಾ ಮಾಡುವ ಆಸೆ ಇತ್ತು, ಆದರೆ ಸಿನಿಮಾ ಅಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ.

ಒಂದು ದಿನ ಅವಳು ಕೇಳಿಯೇ ಬಿಟ್ಟಳು. 'ಭಾಯ್, ನಾವು ತೆಗೆಯೂದಕ್ಕೂ ಸಿನಿಮಾಕ್ಕೂ ಫರಕ್ ಏನದ?'

ಗುಫ್ರಾನ್ ಭಾಯ್ ಲೆನ್ಸ್ ಒರೆಸುವುದನ್ನು ನಿಲ್ಲಿಸದೆ ಹೇಳಿದರು. 'ಸಿನಿಮಾದಾಗ ಮದುಮಗಳ ಚಾಚಿ ಊಟ ಮಾಡೂದು ತೋರ್ಸದಿದ್ರ ಯಾರೂ ಕೇಳಂಗಿಲ್ಲ.'

ಅದು ಚೇಷ್ಟೆಯ ಮಾತು. ಆದರೂ ಅವಳು ಅದನ್ನು ವಾರಗಟ್ಟಲೆ ಮೆಲುಕು ಹಾಕಿದಳು.

ಆ ವರ್ಷದ ಡಿಸೆಂಬರಿನಲ್ಲಿ ಇಮಾಮುದ್ದೀನ್ ಎಂಬವರು ಸ್ಟುಡಿಯೋಕ್ಕೆ ಬಂದರು. ಕಮಲಾಪುರದವರು, ಹಳೆಯ ಗಿರಾಕಿ. ಮಗಳು ಮುಬಶ್ಶಿರಾಳ ಮದುವೆ ಕಲಬುರಗಿಯ ರಿಂಗ್ ರೋಡಿನ ಒಂದು ಹಾಲಿನಲ್ಲಿ ನಿಶ್ಚಯವಾಗಿತ್ತು. ಅವರ ತಂದೆ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಹಾಸಿಗೆ ಹಿಡಿದ ಮುದುಕ ಮೊಮ್ಮಗಳ ಮದುವೆ ನೋಡಬೇಕೆಂದು ಹಟ ಹಿಡಿದು ಅವಸರದಲ್ಲಿ ಸಂಬಂಧ ಗೊತ್ತು ಮಾಡಿಸಿದ್ದರು, ನೋಡುವ ಮೊದಲೇ ಕಣ್ಣು ಮುಚ್ಚಿದ್ದರು. ನಾನು ಹೋದರೂ ತಾರೀಖು ಮುಂದೆ ಹಾಕಬೇಡಿ ಎಂದು ಮಾತು ತೆಗೆದುಕೊಂಡಿದ್ದರು. ಈಗ ಆ ಮುದುಕರ ಹೆಂಡತಿ, ಇಮಾಮುದ್ದೀನರ ತಾಯಿ ದಿಲ್ಶಾದ್ ಬೇಗಂ ಇದ್ದತ್‌ನಲ್ಲಿ ಕೂತಿದ್ದರು. ಗಂಡ ಸತ್ತ ಮೇಲೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟದೆ ಇರುವ ವ್ರತ ಅದು. ತಾಯಿಯಿಲ್ಲದ ಮುಬಶ್ಶಿರಾಳನ್ನು ಎರಡು ವರ್ಷದ ಕೂಸಿನಿಂದ ಬೆಳೆಸಿದವರೇ ಅವರು, ಅವರೇ ಮದುವೆಗೆ ಬರುವಂತಿರಲಿಲ್ಲ.

'ವಿಡಿಯೋ ಅಮ್ಮೀಜಾನ್‌ಗೋಸ್ಕರ' ಎಂದರು ಇಮಾಮುದ್ದೀನ್. 'ಆದ್ರ ಅವರದು ಒಂದು ಶರತ್ತದ. ಒಬ್ಬ ಹೆಣ್ಣಮಗಳ ಮಾರೀನೂ ಅದರಾಗ ಇರಬಾರದು. ಹಿಂದ ಒಂದು ಮದಿವಿ ವಿಡಿಯೋ ಯಾರ್ದೋ ಮೊಬೈಲಿನಿಂದ ಯಾರ್ದೋ ಸ್ಟೇಟಸ್ಸಿಗಿ ಹೋಗಿ ಭಾಳ ರಾಮಾಯಣ ಆಗ್ಯಾದ.'

ಗುಫ್ರಾನ್ ಭಾಯ್ ತಲೆ ಕೆರೆದುಕೊಂಡರು. ಗಿರಾಕಿಯನ್ನು ಕಳಿಸಿದ ಮೇಲೆ ಅಫ್ಶೀನ್ ಕಡೆ ತಿರುಗಿ, 'ಅಕ್ಕಿ ಇಲ್ಲದ ಬಿರಿಯಾನಿ ಕೇಳ್ಯಾರ. ಮಾಡಿ ಕೊಟ್ಟು ಬಾ' ಅಂದರು.

ಬೇರೆ ಯಾರಾದರೂ ಆಗಿದ್ದರೆ ಹಾಲಿನ ಅಲಂಕಾರ, ಹೂವು, ಅಡುಗೆ ಪಾತ್ರೆ ತೆಗೆದು ಕೈ ತೊಳೆದುಕೊಳ್ಳುತ್ತಿದ್ದರು. ಅಫ್ಶೀನ್ ದಿಲ್ಶಾದ್ ಬೇಗಂ ಅವರ ನಂಬರು ಇಸಿದುಕೊಂಡು ನೇರ ಫೋನ್ ಮಾಡಿ, ಅಜ್ಜಿಯನ್ನು ಕರೆಯುವಂತೆ ದಾದಿಮಾ ಎಂದಳು. ಬೇಡವೆಂದದ್ದು ಯಾವುದು, ಬೇಡವೆನ್ನದೆ ಬಿಟ್ಟದ್ದು ಯಾವುದು ಎಂದು ಅವಳಿಗೆ ತಿಳಿಯಬೇಕಿತ್ತು.

'ದಾದಿಮಾ, ಕೈ ತೆಗೀಬಹುದೇನ್ರಿ?'

'ಕೈ ತೆಗಿ. ಕೈಗೇನು ಪರ್ದಾ.'

'ಕಾಲು?'

'ತೆಗಿ.'

'ಆವಾಜ್?'

'ಆವಾಜ್ ಇರ್ಲಿ. ಇಲ್ಲಾಂದ್ರ ಮದಿವಿ ಅನಸಂಗಿಲ್ಲ.' ಆಮೇಲೆ ಮುದುಕಿಯ ದನಿ ತಗ್ಗಿತು. 'ಬೇಟಿ, ನೀನರೆ ಹೊರಗಿನಾಕಿ, ಅದಕ್ಕ ಹೇಳಾಕತ್ತೀನಿ. ಈ ಸಂಬಂಧ ಅವಸರದಾಗ ಆಗ್ಯಾದ. ಹುಡುಗೀಗಿ ಕೇಳಿದ್ರ ನೀವು ಹೇಳಿದಂಗ ಅಂದ್ಲು. ಅದು ಹೂಂ ಅಂದಂಗೂ ಅಲ್ಲ, ಒಲ್ಲೆ ಅಂದಂಗೂ ಅಲ್ಲ. ನಿಕಾಹ್ ಆದಮ್ಯಾಗ ಕನ್ನಡಿ ಶಾಸ್ತ್ರ ಇರ್ತದಲ್ಲ, ಆಗ ಆಕಿ ಮಾರಿ ನೀ ನೋಡು. ತೆಗೀಬ್ಯಾಡ, ಬರೇ ನೋಡು. ಖುಷಿ ಅದಾಳೋ ಇಲ್ಲೋ, ಇಲ್ಲಿಗಿ ಬಂದು ನನಗ ಹೇಳು. ಮನ್ಯಾಗಿನವರು ಖರೇ ಹೇಳಂಗಿಲ್ಲ.'

'ನೋಡಿ ಬಂದು ಹೇಳ್ತೀನ್ರಿ' ಎಂದು ಅಫ್ಶೀನ್ ಮಾತು ಕೊಟ್ಟಳು.

ಮದುವೆಯ ದಿನ ಹಾಲಿನ ಜನಾನಾ ಬಾಗಿಲಿಗೆ 'ಮೊಬೈಲ್ ಬಂದ್ ಇಡಿ' ಎಂದು ಹಾಳೆ ಹಚ್ಚಿದ್ದರು. ಆ ಹಾಳೆಯನ್ನೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡವರೂ ಇದ್ದರು. ಅಫ್ಶೀನ್ ಒಳಗೆ ಹೋದಾಗ ಕ್ಯಾಮೆರಾ ಕಂಡ ಕೂಡಲೇ ಹತ್ತು ಮುಖಗಳು ಆಧಾರ್ ಕಾರ್ಡಿಗೆ ಸಿದ್ಧವಾದವು. ಅವಳು ಕ್ಯಾಮೆರಾ ಕೆಳಗೆ ಮಾಡಿದಳು. ಹೆಂಗಸರಿಗೆ ಇದು ಅವಮಾನವೇ ಆಯಿತು. ಮದುಮಗಳ ಸಣ್ಣಜ್ಜಿ, ದಿಲ್ಶಾದ್ ಬೇಗಂ ಅವರ ತಂಗಿ ಇಕ್ಬಾಲ್ ಬೇಗಂ, 'ಇಷ್ಟು ಜರಿ ಉಟ್ಕೊಂಡು ಬಂದೀನಿ, ನೀ ನೆಲ ತೆಗೀತಿ ಏನ?' ಎಂದು ಜೋರು ಮಾಡಿದರು. ಅಕ್ಕನ ಶರತ್ತು ಗೊತ್ತಾದ ಮೇಲೆ, 'ಆಕಿ ಸಣ್ಣಾಕಿದ್ದಾಗಿಂದ ಹಿಂಗ' ಎಂದು ಗೊಣಗುತ್ತಾ ಕೂತರು.

ಮೊದಲ ಅರ್ಧ ಗಂಟೆ ಅವಳು ಬೆನ್ನುಗಳನ್ನು ತೆಗೆದಳು. ನೋಡಿದರೆ ಎಲ್ಲರೂ ಜಗಳ ಮಾಡಿ ಎದ್ದು ಹೋಗುತ್ತಿರುವಂತೆ ಕಂಡಿತು. ಅಳಿಸಿದಳು. ಆಮೇಲೆ ಕೈಗಳ ಕಡೆ ಹೋದಳು. ಅಲ್ಲಿ ಒಂದು ವಿಚಿತ್ರ ನಡೆಯಿತು. ಮುಖ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೆಂಗಸರು ಕ್ಯಾಮೆರಾವನ್ನು ಮರೆತೇ ಬಿಟ್ಟರು. ಕೈಗಳಿಗೆ ನಟಿಸಲು ಬರುವುದಿಲ್ಲ. ಒಂದು ಕೈ ಮಾತಾಡುತ್ತಲೇ ಪಕ್ಕದವಳ ಸೀರೆಯ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ಅದರ ದರ್ಜೆ ನೋಡುತ್ತಿತ್ತು. ಇನ್ನೊಂದು ಕೈ ಮಗುವಿನ ಬೆನ್ನು ತಟ್ಟುತ್ತಾ, ಮಗು ಎದ್ದು ಹೋದ ಮೇಲೂ ಸೋಫಾದ ದಿಂಬನ್ನು ತಟ್ಟುತ್ತಿತ್ತು. ಮುಬಶ್ಶಿರಾಳ ಮೆಹೆಂದಿ ಹಚ್ಚಿದ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಕೂತಿದ್ದವು, ಮೇಲಿನ ಕೈ ಕೆಳಗಿನ ಕೈಯನ್ನು ಏಳದಂತೆ ಹಿಡಿದಿತ್ತು. ಅಫ್ಶೀನ್ ನೆಲದ ಮೇಲೆ ಮಂಡಿಯೂರಿ ಕೂತು ತೆಗೆದಳು. ಊಟಕ್ಕೆ ಕರೆದರೂ ಏಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಹಸಿವು ಮರೆತಿತ್ತು, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ನಿಕಾಹ್ ಮುಗಿದು ಕನ್ನಡಿ ಶಾಸ್ತ್ರ ಬಂದಿತು. ಇದನ್ನು ಆರ್ಸಿ ಮುಸಹಫ್ ಅನ್ನುತ್ತಾರೆ. ವರ ಜನಾನಾ ಕಡೆಗೆ ಬಂದು ಮದುಮಗಳ ಪಕ್ಕ ಕೂರುತ್ತಾನೆ. ಇಬ್ಬರ ತಲೆಯ ಮೇಲೆ ಒಂದು ಕೆಂಪು ಬಟ್ಟೆ ಹಿಡಿಯುತ್ತಾರೆ, ನಡುವೆ ಕುರಾನ್ ಇಟ್ಟು ಒಂದು ಕನ್ನಡಿ ಕೊಡುತ್ತಾರೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಮೊದಲು ನೋಡುವುದು ಆ ಕನ್ನಡಿಯಲ್ಲಿ. ಇಡೀ ಮದುವೆಯಲ್ಲಿ ಮುಖಕ್ಕೆಂದೇ ಇರುವ ಶಾಸ್ತ್ರ ಇದೊಂದು, ಅದನ್ನು ಮುಖವಿಲ್ಲದೆ ತೆಗೆಯಬೇಕು. ಅಫ್ಶೀನ್ ಮೊದಲೇ ನಿಶ್ಚಯಿಸಿದ್ದಳು, ಕ್ಯಾಮೆರಾವನ್ನು ಬಟ್ಟೆ ಹಿಡಿದವರ ಕೈಗಳ ಮೇಲೆ ನಿಲ್ಲಿಸಿ ತನ್ನ ಕಣ್ಣನ್ನು ಮುಬಶ್ಶಿರಾಳ ಮುಖದ ಮೇಲೆ ಇಡುವುದೆಂದು. ಕೊಟ್ಟ ಮಾತು ಅದೇ ತಾನೇ.

ಆದರೆ ಅವಳ ಲೆಕ್ಕ ತಪ್ಪಿತು. ಮಧ್ಯಾಹ್ನದ ಬಿಸಿಲು ಎತ್ತರದ ಗಾಳಿಕಿಂಡಿಯಿಂದ ಓರೆಯಾಗಿ ಇಳಿದು ವೇದಿಕೆಯ ಮೇಲೆ ಬಿದ್ದಿತ್ತು. ಇಕ್ಬಾಲ್ ಬೇಗಂ ಕನ್ನಡಿಯನ್ನು ಮದುಮಗಳ ಕೈಗೆ ಕೊಟ್ಟ ಕೂಡಲೇ ಬಿಸಿಲು ಅದಕ್ಕೆ ತಾಗಿ, ಹಿಂದಿನ ಬಿಳಿ ಪರದೆಯ ಮೇಲೆ ಅಂಗೈಯಗಲದ ಬೆಳಕೊಂದು ಬಂದು ಕೂತಿತು. ಅದು ನಡುಗುತ್ತಿತ್ತು. ಅಫ್ಶೀನ್ ಯೋಚಿಸಲೇ ಇಲ್ಲ. ಕ್ಯಾಮೆರಾ ಎತ್ತಿ ಆ ಬೆಳಕಿನ ಮೇಲೆ ಇಟ್ಟಳು, ಕಣ್ಣೂ ಅದರ ಹಿಂದೆಯೇ ಹೋಯಿತು. ಬೆಳಕು ಸರಿಯಿತು, ನಿಂತಿತು, ನಡುವೆ ಮಾಯವಾಯಿತು, ಮತ್ತೆ ಬಂತು. ಸುತ್ತ ಹೆಂಗಸರ ನಗು, ಯಾರೋ ಏನೋ ಅಂದದ್ದು. ಬೆಳಕು ಪೂರ್ತಿ ಆರಿದ ಮೇಲೆ ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಕೆಂಪು ಬಟ್ಟೆ ತೆಗೆದಾಗಿತ್ತು, ಕನ್ನಡಿ ಇಕ್ಬಾಲ್ ಬೇಗಂ ಕೈಗೆ ಮರಳಿತ್ತು, ಮುಬಶ್ಶಿರಾಳ ಮುಖದ ಮೇಲೆ ಮುಸುಕು ಇಳಿದಿತ್ತು.

ನೋಡಲು ಹೇಳಿದ್ದ ಒಂದೇ ಒಂದನ್ನು ಅವಳು ನೋಡಿರಲಿಲ್ಲ.

ಸ್ಟುಡಿಯೋದಲ್ಲಿ ಗುಫ್ರಾನ್ ಭಾಯ್ ವಿಡಿಯೋ ನೋಡಿ, 'ಕಳ್ಳರ ಮದಿವಿ ಇದ್ದಂಗ ಅದ, ಯಾರ್ದೂ ಗುರ್ತು ಹತ್ತವಲ್ದು' ಅಂದರು. ಬೆಳಕಿನ ಭಾಗ ಬಂದಾಗ, 'ಇದನ್ನ ತೆಗೆದು ಹಾಕು. ಒಂದು ನಿಮಿಷ ಪರದೆ ನೋಡ್ಕೋತ ಯಾರ್ ಕೂಡ್ತಾರ?' ಎಂದರು. ಅವರ ಮಾತು ತಪ್ಪೆಂದು ಅವಳಿಗೆ ವಾದಿಸಲು ಬರಲಿಲ್ಲ. ಆದರೂ ತೆಗೆದು ಹಾಕಲಿಲ್ಲ.

ಹದಿನೈದು ದಿನದ ಮೇಲೆ ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸು ಹತ್ತಿದಳು. ಕಪನೂರ ದಾಟುವಾಗ ತಂದೆಯ ವರ್ಕ್‌ಶಾಪಿನ ಕಡೆಗೆ ಅಭ್ಯಾಸಬಲದಿಂದ ನೋಡಿದಳು. ಮಹಾಗಾಂವದ ಹತ್ತಿರ ತೊಗರಿ ಕಟಾವಿಗೆ ಬಂದಿತ್ತು. ಅವಳಿಗೆ ಒಂದೂ ರುಚಿಸಲಿಲ್ಲ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಿದ್ದಿ ತೀಡುತ್ತಿದ್ದಳು: ಮುಬಶ್ಶಿರಾ ನಕ್ಕಳು, ಕಣ್ಣು ತಗ್ಗಿಸಿದಳು, ಮತ್ತೆ ನಕ್ಕಳು. ಸುಳ್ಳು ಬಹಳ ಚೆನ್ನಾಗಿ ಕೂಡಿ ಬಂದಿತ್ತು. ಮುದುಕಿಗೂ ಸಮಾಧಾನ, ತನಗೂ ಮರ್ಯಾದೆ.

ದಿಲ್ಶಾದ್ ಬೇಗಂ ಅವರದು ಕಮಲಾಪುರದ ಹಳೆಯ ಕಲ್ಲಿನ ಮನೆ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು, ಬಳೆಯಿಲ್ಲದ ಕೈಯಲ್ಲಿ ತಸ್ಬಿಯ ಜಪಮಾಲೆ ಹಿಡಿದುಕೊಂಡು. ನೆಲದ ಮೇಲೆ ಮರೆಮ್ಮ ಇದ್ದಳು. ಕ್ರಾಸಿನಲ್ಲಿ ಬಾಳೆಹಣ್ಣು ಮಾರುವ ನೆರೆಯ ಹೆಣ್ಣುಮಗಳು ಆಕೆ. ಇದ್ದತ್ ಶುರುವಾದಾಗಿನಿಂದ ಹಾಲು, ಕಿರಾಣಿ, ಊರ ಸುದ್ದಿ ಮೂರನ್ನೂ ಒಳಗೆ ತಂದು ಹಾಕುತ್ತಿದ್ದವಳು ಆಕೆಯೇ. ಮರೆಮ್ಮ ಕೂತಿದ್ದಾಳೆಂದು ಎಲ್ಲರ ಮಾತೂ ಕನ್ನಡದಲ್ಲೇ ನಡೆಯಿತು. ಅಫ್ಶೀನಳಿಗೆ ಒಂದು ಕೆಂಪು ಬಾಳೆಹಣ್ಣು ಸುಲಿದು ಕೊಟ್ಟು, ಅವಳು ತಿಂದು ಮುಗಿಸುವ ತನಕ ಯಾರೂ ವಿಡಿಯೋದ ಮಾತೆತ್ತಲಿಲ್ಲ.

ವಿಡಿಯೋ ಶುರುವಾಯಿತು. ಸೀರೆಯ ಬಟ್ಟೆ ತಿಕ್ಕುವ ಕೈ ಬಂದದ್ದೇ ತಡ, ದಿಲ್ಶಾದ್ ಬೇಗಂ ಮುಂದಕ್ಕೆ ಬಾಗಿದರು.

'ಇಕ್ಬಾಲ್ ಬೇಗಂ' ಅಂದರು. 'ನನ್ನ ತಂಗಿ. ಸತ್ತವರ ಮನಿಗಿ ಹೋದ್ರೂ ಅವರ ಚಾದರ್ ತಿಕ್ಕಿ ನೋಡ್ತಾಳ.'

'ಅದು ಹೆಂಗ ಹೇಳ್ತೀರಿ?' ಎಂದು ಅಫ್ಶೀನ್ ಕೇಳಿದಳು. ಅವಳಿಗೆ ನಿಜವಾಗಿ ಬೆರಗಾಗಿತ್ತು.

'ಐವತ್ತು ವರ್ಷ ಆ ಕೈ ನನ್ನ ಸೀರೀನೂ ತಿಕ್ಯಾದ.'

ಅಲ್ಲಿಂದ ಅದೊಂದು ಆಟವೇ ಆಯಿತು. ಕೈ ಬಂದ ಕೂಡಲೇ ಮುದುಕಿ ಹೆಸರು ಹೇಳುವುದು, ಮರೆಮ್ಮ ಅಲ್ಲವೆನ್ನುವುದು, ಆಮೇಲೆ ದನಿ ಕೇಳಿ ಒಪ್ಪುವುದು. ದಿಂಬು ತಟ್ಟುವ ಕೈಗೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅದು ಯಾರದೆಂದು ಹೇಳಿ, ಆಕೆಗೆ ಎಷ್ಟು ಮಕ್ಕಳೆಂದು ಹೇಳಿ, ಅಷ್ಟು ಮಕ್ಕಳಾದ ಮೇಲೆ ಕೈ ತಾನಾಗಿಯೇ ತಟ್ಟುತ್ತದೆ ಎಂದರು. ಅಫ್ಶೀನ್ ಲ್ಯಾಪ್‌ಟಾಪ್ ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಕೊಟ್ಟ ನೂರಾರು ವಿಡಿಯೋಗಳನ್ನು ಜನ ಹೇಗೆ ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು. ತಮ್ಮ ಮುಖ ಬರುವ ತನಕ ಓಡಿಸಿ, ಬಂದ ಮೇಲೆ ನಿಲ್ಲಿಸಿ, ದಪ್ಪ ಕಂಡೆನೆಂದು ಬೈದು ಮುಗಿಸುತ್ತಾರೆ. ಇವರು ಹಾಗಲ್ಲ. ಇವರು ತಾವೇ ಒಳಗೆ ಹೋಗಿ ಮದುವೆಯನ್ನು ಕಟ್ಟಿಕೊಳ್ಳುತ್ತಿದ್ದರು. ತಾನು ಅರ್ಧ ಕೊಟ್ಟಿದ್ದಕ್ಕೇ ಅವರಿಗೆ ಪೂರ್ತಿ ಸಿಗುತ್ತಿದೆ ಎಂದು ಅವಳಿಗೆ ಹೊಳೆಯಿತು.

ಆಮೇಲೆ ಬಿಳಿ ಪರದೆಯ ಮೇಲೆ ಬೆಳಕು ಬಂದು ನಡುಗಿತು.

'ಇದೇನಿದು?' ಎಂದಳು ಮರೆಮ್ಮ.

'ಕನ್ನಡಿ ಬೆಳಕು' ಎಂದು ಅಫ್ಶೀನ್ ಹೇಳಿದಳು. 'ಮುಬಶ್ಶಿರಾ ಕೈಯಾಗಿಂದು.'

ದಿಲ್ಶಾದ್ ಬೇಗಂ ಕೈಯೆತ್ತಿದರು. 'ನಿಲ್ಸು.' ಅವರ ಮುಖದ ನಗು ಹೋಗಿತ್ತು. 'ಕೈ ನಡಗಾಕತ್ಯಾವ. ಹುಡುಗಿ ಅಂಜ್ಯಾಳ.' ಆಮೇಲೆ ಅಫ್ಶೀನ್ ಕಡೆ ತಿರುಗಿದರು. 'ಈಗ ಹೇಳು ಬೇಟಿ. ಆ ಹೊತ್ತಿನ್ಯಾಗ ಆಕಿ ಮಾರಿ ಹೆಂಗಿತ್ತು? ಮನ್ಯಾಗ ಎಲ್ಲರಿಗೂ ಕೇಳೀನಿ, ಎಲ್ಲರೂ ಚಾಂದ್ ಇದ್ದಂಗ ಇದ್ಲು ಅಂತಾರ. ಆಕಾಶದಾಗಿನ ಚಾಂದ್ ನಾನೂ ನೋಡೀನಿ. ಮೊನ್ನಿ ಶುಕ್ರವಾರ ಗಂಡನ ಜೋಡಿ ಆಕೀನ ಬಂದಿದ್ಲು, ಕೇಳಿದ್ರ ಖುಷಿ ಅದೀನಿ ದಾದಿ ಅಂದ್ಲು. ಮದಿವಿ ಆದ ಹುಡುಗಿ ಮತ್ತೇನ್ ಅಂತಾಳ? ಅದಕ್ಕ ನಿನ್ನ ದಾರಿ ಕಾಯಾಕತ್ತಿದ್ದೆ.'

ಬಸ್ಸಿನಲ್ಲಿ ತೀಡಿದ ಸುಳ್ಳು ನಾಲಿಗೆಯ ತುದಿಗೇ ಇತ್ತು. ಅಫ್ಶೀನ್ ಮುದುಕಿಯ ಮುಖ ನೋಡಿದಳು.

'ನೋಡಲಿಲ್ರಿ ದಾದಿಮಾ' ಅಂದಳು. 'ನೋಡಬೇಕಂತನ ಇದ್ದೆ. ಈ ಬೆಳಕು ಬಂತು, ಇದನ್ನ ನೋಡ್ಕೋತ ನಿಂತೆ. ಕಣ್ಣು ಇಳಿಸೂದ್ರಾಗ ಎಲ್ಲಾ ಮುಗದಿತ್ತು.'

'ಎರಡು ಕಣ್ಣು ಇಟ್ಕೊಂಡು ಅಲ್ಲೇ ನಿಂತಿದ್ದಿ' ಎಂದರು ದಿಲ್ಶಾದ್ ಬೇಗಂ, ಮೆಲ್ಲಗೆ. 'ನಿನಗ ಒಂದ ಕೆಲಸ ಹೇಳಿದ್ದೆ.'

ಅವರು ಗೋಡೆಯ ಕಡೆ ತಿರುಗಿ ತಸ್ಬಿ ಎಣಿಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಅಫ್ಶೀನಳಿಗೆ ಅಳು ಬಂತು, ನಾಚಿಕೆಯೂ ಬಂತು. ಈ ಮುದುಕಿ ಹೊಸ್ತಿಲೊಳಗೆ ಕೂತು ದಿನ ಎಣಿಸಿದ್ದು ತನ್ನ ಒಂದು ಮಾತಿಗಾಗಿ, ತಾನೋ ಬೆಳಕಿನ ಬೆನ್ನು ಹತ್ತಿ ಅದನ್ನು ಕಳೆದಿದ್ದಳು. ಗುಫ್ರಾನ್ ಭಾಯ್ ಹೇಳಿದಂತೆ ಆ ಭಾಗ ತೆಗೆದು ಹಾಕಬೇಕಿತ್ತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು.

'ಯಾಕ ಮುಚ್ತಿ ತಂಗೀ?' ಎಂದಳು ಮರೆಮ್ಮ. 'ಇನ್ನೂ ಉಳದದಲ್ಲ. ಹಚ್ಚು, ನೋಡಮು.'

ಅಫ್ಶೀನ್ ಗುಂಡಿ ಒತ್ತಿದಳು. ಬೆಳಕು ಇನ್ನೂ ಸ್ವಲ್ಪ ನಡುಗಿತು. ಸರಿದು ಒಂದು ಕಡೆ ನಿಂತಿತು. ನಡುಕ ನಿಂತುಹೋಯಿತು. ಆಮೇಲೆ ಥಟ್ಟನೆ ಪರದೆಯ ಮೇಲಿಂದ ಮಾಯವಾಗಿ ಮರಳಿ ಬಂತು. ಮತ್ತೊಮ್ಮೆ ಮಾಯವಾಯಿತು, ಮತ್ತೆ ಬಂತು. ಒಂದು ಗಂಡುದನಿ, 'ಅರೇ, ಆಂಖ್' ಎಂದಿತು, ಕಣ್ಣಿಗೆ ಏನೋ ಬಿದ್ದವರಂತೆ. ಹೆಂಗಸರು ನಕ್ಕರು.

ತಸ್ಬಿ ನಿಂತಿತು. 'ಹಿಂದಕ್ಕ ಹೋಗು' ಎಂದರು ದಿಲ್ಶಾದ್ ಬೇಗಂ, ಗೋಡೆಯ ಕಡೆಯಿಂದಲೇ. ಆಮೇಲೆ ತಿರುಗಿದರು. 'ಇನ್ನೊಮ್ಮಿ.'

ಮೂರು ಸಲ ನೋಡಿದರು. ಮೂರನೆಯ ಸಲ ಅವರು ಕಣ್ಣು ಮುಚ್ಚಿ ಬರೀ ಕೇಳಿಸಿಕೊಂಡರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಅಫ್ಶೀನ್ ಹೆದರಿದಳು. ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

'ಎರಡ ಸಲ ಕಣ್ಣಿಗಿ ಹೊಡದಾಳ' ಎಂದರು. 'ಮರೆಮ್ಮಾ, ನೋಡಿದಿ ಏನ? ಗಂಡನ ಕಣ್ಣಿಗಿ ಕನ್ನಡಿ ಹೊಡದಾಳ, ಕುರಾನ್ ಮುಂದಿಟ್ಕೊಂಡು, ಶೈತಾನ್ ಹುಡುಗಿ.'

ಮರೆಮ್ಮನಿಗೆ ಗೊತ್ತಿತ್ತು, ಅವಳೂ ನಗಲು ಶುರುಮಾಡಿದ್ದಳು. ಅಫ್ಶೀನಳಿಗೆ ದಿಲ್ಶಾದ್ ಬೇಗಂ ಬಿಡಿಸಿ ಹೇಳಿದರು. ಮುಬಶ್ಶಿರಾ ಸಣ್ಣವಳಿದ್ದಾಗ ಅಂಗಳದಲ್ಲಿ ಡಬ್ಬಿಯ ಸ್ಟೀಲ್ ಮುಚ್ಚಳ ಹಿಡಿದುಕೊಂಡು ಕೂರುತ್ತಿದ್ದಳು. ಅಜ್ಜ ಮಧ್ಯಾಹ್ನ ಮಂಚದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಬಿಸಿಲನ್ನು ಮುಚ್ಚಳದಲ್ಲಿ ಹಿಡಿದು ಎರಡು ಸಲ ಅವರ ಕಣ್ಣಿಗೆ ಹೊಡೆಯುತ್ತಿದ್ದಳು. ಎರಡೇ ಸಲ, ಮೂರನೆಯದಕ್ಕೆ ಅಜ್ಜ ಎದ್ದು ಅಟ್ಟಿಸಿಕೊಂಡು ಬರುತ್ತಿದ್ದರು. ಬೇರೆ ಯಾರ ಜೊತೆಗೂ ಆ ಆಟ ಆಡಿದವಳಲ್ಲ. ಅಜ್ಜಿಯ ಜೊತೆಗೂ ಇಲ್ಲ.

'ಅಂಜಿದ ಹುಡುಗಿ ಆ ಆಟ ಆಡಂಗಿಲ್ಲ' ಎಂದು ದಿಲ್ಶಾದ್ ಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡರು. 'ಮೊದಲ ಅಂಜಿದ್ಲು. ಆಮ್ಯಾಗ ಕನ್ನಡಿಯಾಗ ಅವನ ನೋಡ್ಯಾಳ, ಅಂಜಿಕಿ ಹೋಗ್ಯಾದ. ನನ್ನ ಯಜಮಾನರು ಛಲೋ ಹುಡುಗನ್ನ ನೋಡಿ ಹೋಗ್ಯಾರ.'

ಅಫ್ಶೀನ್ ಪರದೆಯ ಮೇಲೆ ನಿಂತ ಬೆಳಕನ್ನೇ ನೋಡುತ್ತಾ ಕೂತಳು. ಎಡಿಟ್ ಮಾಡುವಾಗ ಅದನ್ನು ಇಪ್ಪತ್ತು ಸಲವಾದರೂ ನೋಡಿದ್ದಳು. ಬೆಳಕು ಮಾಯವಾದಾಗ ಯಾರೋ ಅಡ್ಡ ಬಂದರೆಂದು ತಿಳಿದಿದ್ದಳು. 'ಆಂಖ್' ಎಂದದ್ದು ಯಾರಿಗೋ ಮೊಣಕೈ ತಾಗಿ ಎಂದುಕೊಂಡಿದ್ದಳು. ತಾನೇ ತೆಗೆದದ್ದರಲ್ಲಿ ತನಗೇ ಗೊತ್ತಿಲ್ಲದ್ದು ಇಷ್ಟೊಂದು ಇತ್ತು, ಅದನ್ನು ಓದುವ ಕಣ್ಣು ಇಲ್ಲಿ, ಈ ಮಂಚದ ಮೇಲೆ ಕೂತಿತ್ತು. ಸಿನಿಮಾ ಎಂದರೆ ಇದೇ ಇರಬೇಕು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಹಾಗನ್ನಿಸಿದ ಕೂಡಲೇ ಮತ್ತೊಮ್ಮೆ ಬೇಕು ಎಂಬ ದುರಾಸೆಯೂ ಹುಟ್ಟಿತು.

'ದಾದಿಮಾ' ಎಂದಳು, 'ಮುಂದಿನ ವಾರ ಕ್ಯಾಮೆರಾ ತೊಗೊಂಡು ಬರ್ಲೇನ್ರಿ?'

'ಯಾರ ಮದಿವಿ ಅದ?'

'ಯಾರ್ದೂ ಇಲ್ರಿ. ಇದ್ದತ್ ಮುಗಿಯೂ ತನಕ ನೀವು ಇಲ್ಲೇ ಇರ್ತೀರಿ. ನಿಮ್ಮ ದಿನ ಹೆಂಗ ಹೋಗ್ತದ, ಅದನ್ನ ತೆಗೀತೀನಿ. ಮಾರಿ ತೆಗೆಯಂಗಿಲ್ಲ.'

'ಮುದುಕಿ ಕುಂತಿದ್ದು ಯಾರ್ ನೋಡ್ತಾರ' ಎಂದರು ದಿಲ್ಶಾದ್ ಬೇಗಂ. ಆದರೆ ಬೇಡವೆನ್ನಲಿಲ್ಲ. ಬಾ ಎಂದು ಕೈ ಮಾಡಿ ಹತ್ತಿರ ಕೂರಿಸಿಕೊಂಡರು. ಅಫ್ಶೀನ್ ತಲೆ ತಗ್ಗಿಸಿ, ಮುಬಶ್ಶಿರಾಳ ಮುಖ ನೋಡದೆ ಬಂದದ್ದಕ್ಕೆ ಮಾಫ್ ಮಾಡಿ ಎಂದು ಕೇಳಿದಳು.

ಮುದುಕಿ ಅವಳ ಗಲ್ಲ ಹಿಡಿದು ಎತ್ತಿದರು.

'ನೋಡಿದ್ರ ನೀನೂ ಬಂದು ಚಾಂದ್ ಅಂತ ಹೇಳಿ ಹೋಗ್ತಿದ್ದಿ' ಎಂದರು. 'ನೋಡಲಿಲ್ಲ, ಛಲೋ ಆತು.'